ಮೆತ್ತಗೆ ಎಳೀರಿ ಅನ್ನುತ್ತಿದ್ದ ರುಕ್ಕತ್ತೆ

ರುಕ್ಕತ್ತೆ ಮಾತಾಡುವಾಗ ವಾಕ್ಯದ ನಡುವೆ ನಿಂತುಬಿಡುತ್ತಿದ್ದಳು. ಬೇಕೆಂದೇ ನಿಲ್ಲುತ್ತಿರಲಿಲ್ಲ, ಉಸಿರು ಸಾಲುತ್ತಿರಲಿಲ್ಲ. ಒಂದು ಕೈ ಎದೆಯ ಮೇಲಿಟ್ಟು, ಇನ್ನೊಂದನ್ನು ‘ತಡಿ, ಬಂದೆ’ ಎನ್ನುವ ಹಾಗೆ ಎತ್ತಿ ಹಿಡಿದು ಗಾಳಿ ಎಳೆದುಕೊಳ್ಳುತ್ತಿದ್ದಳು. ಅಷ್ಟು ಹೊತ್ತೂ ಕೇಳುವವರು ಬಾಯಿ ಬಿಟ್ಟುಕೊಂಡು ಕಾಯಬೇಕು. ಒಮ್ಮೆ ಪಕ್ಕದ ಮನೆಯ ಹುಡುಗಿಯನ್ನು ನೋಡಲು ಆಲೂರಿನ ಕಡೆಯಿಂದ ಗಂಡಿನವರು ಬಂದಿದ್ದರು. ಹುಡುಗಿ ಹೇಗೆ ಎಂದು ಅತ್ತೆಯನ್ನು ಕೇಳಿದರು. “ಹುಡುಗಿ ಎಲ್ಲಾದ್ರಲ್ಲೂ ಚೆನ್ನಾಗವ್ಳೆ. ಆದ್ರೆ ಒಂದು ಕೆಟ್ಟ ಚಾಳಿ ಐತೆ...” ಎಂದವಳೇ ಕೈ ಎತ್ತಿದಳು. ಗಂಡಿನ ತಾಯಿಯ ಕಾಫಿ ಲೋಟ ತುಟಿಯ ಹತ್ತಿರವೇ ನಿಂತಿತು. ಹುಡುಗಿಯ ಅಪ್ಪ ಟವೆಲಿನಿಂದ ಕತ್ತು ಒರೆಸಿಕೊಂಡರು. ಅತ್ತೆ ನಿಧಾನವಾಗಿ ಉಸಿರು ತುಂಬಿಕೊಂಡು ಮುಗಿಸಿದಳು: “ಯಾರು ಊಟಕ್ಕೆ ಕೂತ್ರೂ ಸಾಕು ಅನ್ನಕ್ಕೆ ಬುಡಲ್ಲ. ಬಡಿಸ್ತಾನೇ ಇರ್ತಾಳೆ!” ಆ ನಗುವಿನಲ್ಲೇ ಮದುವೆ ಗಟ್ಟಿಯಾಯಿತು.

ರುಕ್ಕತ್ತೆ ನನ್ನ ಅಪ್ಪನ ತಂಗಿ. ನನಗೆ ಬೆಳಗೋಡಿನ ಶಾಲೆಗೆ ಪೋಸ್ಟಿಂಗ್ ಆದಾಗ ಬಾಡಿಗೆ ಮನೆ ಹುಡುಕಲು ಅವಳು ಬಿಡಲಿಲ್ಲ. “ನಿಮ್ಮತ್ತೆ ಸತ್ತೋಗವ್ಳಾ?” ಎಂದು ಕೇಳಿ ನನ್ನ ಪೆಟ್ಟಿಗೆಯನ್ನು ತಾನೇ ಒಳಗಿಟ್ಟಳು. ಮನೆಯಲ್ಲಿ ಅವಳು ಮತ್ತು ಸಿದ್ದೇಗೌಡ ಮಾವ ಇಬ್ಬರೇ. ಒಂದಿಷ್ಟು ಕಾಫಿ ತೋಟ, ಒಂದಿಷ್ಟು ಗದ್ದೆ.

ಮಾವನದು ಅತ್ತೆಗೆ ತದ್ವಿರುದ್ಧವಾದ ಜೀವ. ಕುದಿಯುವ ಕಾಫಿಯನ್ನು ಒಂದೇ ಗುಟುಕಿಗೆ ಇಳಿಸುವವರು, ಗೇಟು ತೆಗೆಯುವಷ್ಟರಲ್ಲಿ ಜೀಪು ನುಗ್ಗಿಸುವವರು. ಬೀಡಿ ಸೇದುವುದೂ ಹಾಗೆಯೇ. ಕೆನ್ನೆ ಒಳಗೆ ಹೋಗುವಂತೆ ಒಂದು ದಮ್ಮು ಎಳೆದರೆ ಬೀಡಿಯ ಕಾಲುಭಾಗ ಬೂದಿಯಾಗುತ್ತಿತ್ತು. ಜಗಲಿ, ನಡುಮನೆ, ಬಚ್ಚಲು ಎಲ್ಲೆಲ್ಲೂ ಅದೇ ವಾಸನೆ. ಅತ್ತೆಗೆ ಆಸ್ತಮಾ. ಹಾಸನದ ಡಾಕ್ಟರು ಕೊಟ್ಟಿದ್ದ ಇನ್‌ಹೇಲರನ್ನು ಅವಳು ‘ಪಂಪು’ ಎನ್ನುತ್ತಿದ್ದಳು, ಅದರ ಮುಂದೆ ಸಿಕ್ಕಿಸುವ ಪ್ಲಾಸ್ಟಿಕ್ ಡಬ್ಬಿಯನ್ನು ‘ಬುಡ್ಡಿ’. ಮೊದಮೊದಲು ಅದನ್ನು ಬಳಸಲು ಬರದೆ ಒದ್ದಾಡಿದ್ದಳಂತೆ. “ಒತ್ತಿದ ತಕ್ಷಣ ಗಬಕ್ಕನೆ ಎಳೀತಿದ್ದೆ ಕಣೆ ಸುಮಾ. ಔಷಧಿಯೆಲ್ಲ ಗಂಟಲಿಗೇ ಬಡ್ದು ಕೆಮ್ಮು. ಆಮೇಲೆ ಆಸ್ಪತ್ರೆ ನರ್ಸಮ್ಮ ಕೂರಿಸ್ಕೊಂಡು ಕಲಿಸಿದ್ಲು. ಮೆತ್ತಗೆ ಎಳೀಬೇಕು, ಎಳೆದದ್ದನ್ನ ಒಂದು ಗಳಿಗೆ ಒಳಗೇ ಇಟ್ಕೋಬೇಕು.”

ಒಂದು ಮಧ್ಯಾಹ್ನ ಕುಂದೂರಿನಲ್ಲಿ ನೆಂಟರ ಮನೆಯ ಗೃಹಪ್ರವೇಶ ಮುಗಿಸಿಕೊಂಡು ಜೀಪಿನಲ್ಲಿ ಬರುತ್ತಿದ್ದೆವು. ಮಳೆ ಹನಿಯುತ್ತಿತ್ತೆಂದು ಟಾರ್ಪಾಲಿನ ಪರದೆ ಇಳಿಬಿಟ್ಟಿದ್ದರು. ಮಾವ ಬೀಡಿ ಹಚ್ಚಿದರು. ಅತ್ತೆ ನೆಂಟರ ಮನೆಯ ಹೊಸ ಅಡಿಗೆಮನೆಯ ಬಗ್ಗೆ ಏನೋ ಹೇಳುತ್ತಿದ್ದವಳು ಕೈ ಎತ್ತಿದಳು. ನಾವು ಕಾದೆವು. ಮಾತು ಬರಲಿಲ್ಲ. ನಾನು ಬಗ್ಗಿ ನೋಡಿದರೆ ತುಟಿ ನೀಲಿಗೆ ತಿರುಗುತ್ತಿತ್ತು. ಚೀಲದಿಂದ ಪಂಪು ತೆಗೆದು ಒತ್ತಿದೆ. ಎಳೆದುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. “ಮಾವಾ, ಆಲೂರಿಗೆ!” ಎಂದು ನಾನು ಕಿರುಚಿದೆ.

ಆಸ್ಪತ್ರೆಯಲ್ಲಿ ಮಾಸ್ಕು ಹಾಕಿ ಔಷಧಿಯ ಹಬೆ ಕೊಟ್ಟರು. ಸಂಜೆಯ ಹೊತ್ತಿಗೆ ಉಸಿರು ಹತೋಟಿಗೆ ಬಂತು. ಡಾಕ್ಟರು ಹೊರಗೆ ಬಂದವರು ಮಾವನ ಅಂಗಿಯ ವಾಸನೆ ಹಿಡಿದು, “ಬೀಡಿ ನಿಮ್ಮ ಬಾಯಲ್ಲಿರಬಹುದು ಗೌಡ್ರೆ, ಸೇದ್ತಾ ಇರೋರು ಅವರು. ಇನ್ನೊಂದು ಸಲ ಹೀಗಾದ್ರೆ ನಾನು ಭರವಸೆ ಕೊಡಲ್ಲ” ಎಂದರು. ಮಾವ ಜೇಬಿನಿಂದ ಬೀಡಿ ಕಟ್ಟು ತೆಗೆದು ಕಸದ ಬುಟ್ಟಿಗೆ ಹಾಕಿ, ಗೋಡೆಗೆ ಮುಖ ಮಾಡಿ ನಿಂತರು.

ಬೀಡಿ ಬಿಡುವುದೇನೋ ಬಿಟ್ಟರು. ಆದರೆ ಮನೆಯಲ್ಲಿ ಇರುವುದೇ ಕಷ್ಟವಾಯಿತು. ಆಳುಗಳ ಮೇಲೆ ರೇಗುವುದು, ನಾಯಿಗೆ ಬೈಯುವುದು, ಅನ್ನ ಬೆಂದಿಲ್ಲವೆಂದು ತಟ್ಟೆ ತಳ್ಳುವುದು. ಈ ಸುದ್ದಿ ದುಬೈನ ಹೋಟೆಲಿನಲ್ಲಿ ಕೆಲಸಕ್ಕಿದ್ದ ಅವರ ಅಣ್ಣನ ಮಗ ಲೋಕೇಶನಿಗೆ ಮುಟ್ಟಿತು. ಊರಿಗೆ ಬರುತ್ತಿದ್ದ ಗೆಳೆಯನೊಬ್ಬನ ಕೈಯಲ್ಲಿ ಅವನು ಒಂದು ಇ-ಸಿಗರೇಟು ಮತ್ತು ಅದಕ್ಕೆ ತುಂಬುವ, ನಿಕೋಟಿನ್ ಬೆರೆಸಿದ ಎಣ್ಣೆಯಂಥ ದ್ರವದ ಬಾಟಲಿ ಕಳಿಸಿದ. ಗುಂಡಿ ಒತ್ತಿದರೆ ಒಳಗಿನ ತಂತಿ ಕಾದು, ಬತ್ತಿ ಹೀರಿದ ಎಣ್ಣೆ ಹಬೆಯಾಗಿ ಬಾಯಿಗೆ ಬರುತ್ತದೆ. ಬೆಂಕಿಯಿಲ್ಲ, ಬೂದಿಯಿಲ್ಲ. ಮಾವ ಅದನ್ನು ‘ಬ್ಯಾಟರಿ ಬೀಡಿ’ ಎಂದು ಕರೆದರು.

ಆದರೆ ಅದನ್ನೂ ಬೀಡಿಯ ಹಾಗೆಯೇ ದಮ್ಮು ಕಟ್ಟಿ ಎಳೆದರು. ಗೊರಗೊರ ಸದ್ದಾಯಿತೇ ಹೊರತು ಹಬೆ ಬರಲಿಲ್ಲ, ಬಿಸಿ ಎಣ್ಣೆ ನಾಲಿಗೆಗೆ ಸಿಡಿಯಿತು. ಮೇಲಿಂದ ಮೇಲೆ ಎಳೆದಾಗ ಬತ್ತಿ ಒಣಗಿ ಸುಟ್ಟ ಬಟ್ಟೆಯ ರುಚಿ ಬಂತು. ಥೂ ಎಂದು ಅಂಗಳಕ್ಕೆ ಉಗಿದರು. ಎರಡು ದಿನ ಇದೇ ಪಾಡು. ಮೂರನೆಯ ದಿನ ಸಂಜೆ, “ಮೋಸ ಕಣ್ರೋ ಇದು! ಇದ್ರಲ್ಲಿ ಏನೂ ಇಲ್ಲ. ನಾನು ಅಂಗಡಿಗೆ ಹೋಗಿ ಬತ್ತೀನಿ” ಎಂದು ಚಪ್ಪಲಿ ಮೆಟ್ಟಿದರು. ಅಂಗಡಿಗೆ ಯಾಕೆಂದು ಮೂವರಿಗೂ ಗೊತ್ತಿತ್ತು.

ಅತ್ತೆ ಬೈಯಲಿಲ್ಲ, ಅಳಲಿಲ್ಲ. ಒಳಗೆ ಹೋಗಿ ತನ್ನ ಪಂಪು, ಬುಡ್ಡಿ ತಂದು ಜಗಲಿಯ ಮೇಲೆ ಕೂತಳು.

“ನಂದೂ ಔಷಧಿ ಹೊತ್ತಾಯ್ತು. ಬನ್ನಿ ಇಲ್ಲಿ, ಜೊತೆಗೆ ಎಳೆಯನ.”

“ಏನು ಹುಡುಗಾಟ ಇದು?”

“ಬನ್ನಿ ಅಂದ್ನಲ್ಲ. ಆ ಕಡೆ ಕೂತ್ಕೊಳ್ಳಿ, ಗಾಳಿ ನಿಮ್ಮ ಕಡಿಂದ ಆಚೆಗೆ ಹೋಯ್ತದೆ. ಅದನ್ನ ಮಲಗಿಸಬೇಡಿ, ನೆಟ್ಟಗೆ ಹಿಡ್ಕೊಳ್ಳಿ. ಎತ್ತು ನೀರು ಕುಡಿಯೋದು ನೋಡಿದ್ದೀರಲ್ಲ? ಸದ್ದು ಮಾಡ್ತದಾ? ಮೂತಿ ಇಟ್ಟು... ಮೆತ್ತಗೆ... ಉದ್ದಕ್ಕೆ. ನಾನು ಎಳೆಯೋ ಹಂಗೆ ಎಳೀರಿ.”

ಅತ್ತೆ ಪಂಪು ಒತ್ತಿ ಬುಡ್ಡಿಗೆ ಬಾಯಿಟ್ಟಳು. ಮಾವ ಒಲ್ಲದ ಮನಸ್ಸಿನಿಂದ ಗುಂಡಿ ಒತ್ತಿ ಅವಳ ಕೆನ್ನೆಯನ್ನೇ ನೋಡುತ್ತ ಎಳೆದರು. ಇಬ್ಬರೂ ಒಟ್ಟಿಗೆ ನಿಲ್ಲಿಸಿದರು. ಅತ್ತೆ ಬೆರಳೆತ್ತಿ ‘ಹಿಡ್ಕೊಳ್ಳಿ’ ಎಂದು ಸನ್ನೆ ಮಾಡಿ, ಆಮೇಲೆ ಬೆರಳಿಳಿಸಿದಳು. ಮಾವನ ಬಾಯಿಂದ ಬೆಳ್ಳಗೆ, ದಪ್ಪಗೆ, ಅನ್ನದ ಗಂಜಿಯ ಹಬೆಯಂಥ ಮೋಡ ಹೊರಟು ಅಂಗಳದ ಕಡೆಗೆ ತೇಲಿತು. ಮಾವ ಬೆರಗಾಗಿ ಅದನ್ನೇ ನೋಡಿದರು. ತಕ್ಷಣ ಮತ್ತೆ ಎಳೆಯಲು ಹೋದವರ ಮೊಣಕೈ ಹಿಡಿದು ಅತ್ತೆ, “ಅವಸರ ಬೇಡಿ. ಬತ್ತಿ ನೆನೀಲಿ ಬುಡಿ” ಎಂದಳು. ಮಾವ ಚಪ್ಪಲಿ ಬಿಚ್ಚಿದರು.

ಅವತ್ತಿನಿಂದ ಬೆಳಿಗ್ಗೆ, ಸಂಜೆ ಜಗಲಿಯ ಮೇಲೆ ಇದೊಂದು ಪೂಜೆಯಂತಾಯಿತು. ಒಬ್ಬರು ಔಷಧಿ ಎಳೆಯುವುದು, ಇನ್ನೊಬ್ಬರು ಹಬೆ ಎಳೆಯುವುದು. ನಡುವಿನ ಹೊತ್ತಿನಲ್ಲಿ ಎಣ್ಣೆ ಬಾಟಲಿ ಅತ್ತೆಯ ಸೊಂಟದಲ್ಲಿ. ದಾರಿಯಲ್ಲಿ ಹೋಗುವವರು ನಿಂತು ನೋಡಿ ನಗುತ್ತಿದ್ದರು. “ನಗ್ರಪ್ಪ, ನಗ್ರಿ. ನಮ್ಮನೆ ಗಂಡಸಿಗೆ ಈ ವಯಸ್ನಾಗೆ ಉಸಿರಾಡೋದು ಕಲಿಸ್ತಾ ಇವ್ನಿ” ಎನ್ನುತ್ತಿದ್ದಳು ಅತ್ತೆ.

ಹಾಸನದ ಡಾಕ್ಟರಿಗೆ ಇದನ್ನು ಹೆಮ್ಮೆಯಿಂದ ಹೇಳಿದಾಗ ಅವರು ಮುಖ ಸಿಂಡರಿಸಿದರು. ಬೆಂಕಿ ಇಲ್ಲದಿದ್ದರೇನು, ಅದರಲ್ಲೂ ನಿಕೋಟಿನ್ ಇದೆ, ಅದೂ ಒಳ್ಳೆಯದಲ್ಲ, ಮೆಲ್ಲಗೆ ಅದನ್ನೂ ಬಿಡಿಸಿ ಎಂದರು. ಬಸ್ಸಿನಲ್ಲಿ ಬರುವಾಗ ಅತ್ತೆ ಸಕಲೇಶಪುರ ಹತ್ತಿರವಾದಾಗ ನನ್ನ ಕಿವಿಯ ಹತ್ತಿರ ಬಗ್ಗಿ, “ಲೋಕೇಶಂಗೆ ಫೋನ್ ಮಾಡು. ಮುಂದಿನ ಬಾಟಲಿ ಸ್ವಲ್ಪ ಖಾರ, ಅದೇ ಆ ನಿಕೋಟಿನ್ನು, ಕಮ್ಮಿ ಇರೋದು ಕಳಿಸಕ್ಕೆ ಹೇಳು. ಅದರ ಮುಂದಿಂದು ಇನ್ನೂ ಕಮ್ಮಿ. ನಿಮ್ಮ ಮಾವಂಗೆ ಗೊತ್ತಾಗಬಾರ್ದು” ಎಂದಳು.

ನಾನು ಫೋನ್ ಮಾಡಿದೆ. ಬಾಟಲಿಗಳು ಬಂದವು. ಕೆಲವು ದಿನ ಕಳೆದ ಮೇಲೆ ಮಾವ ಒಂದು ಸಂಜೆ ತಲೆ ಕೊಡವಿದರು. “ಯಾಕೋ ಈ ಸಲದ್ದು ಸಪ್ಪೆ ಐತೆ ಕಣೆ.”

“ಎಣ್ಣೆ ಸಪ್ಪೆ ಅಲ್ಲ ಕಣ್ರೀ, ನೀವು ಮತ್ತೆ ಜೋರಾಗಿ ಎಳೀತಾ ಇದ್ದೀರಿ. ಮೆತ್ತಗೆ ಎಳೀರಿ” ಎಂದಳು ಅತ್ತೆ. ಮಾವ ಮೆತ್ತಗೆ ಎಳೆದರು. “ಈಗ?” ಎಂದಳು. “ಹ್ಞೂ, ಪರವಾಗಿಲ್ಲ” ಎಂದರು. ನಾನು ನಗು ತಡೆಯಲಾರದೆ ಅಡಿಗೆಮನೆಗೆ ಓಡಿದೆ. ಪ್ರತಿ ಹೊಸ ಬಾಟಲಿಗೂ ಇದೇ ದೂರು, ಇದೇ ಉತ್ತರ. ಮಾವ ಎಷ್ಟು ಚೆನ್ನಾಗಿ ಎಳೆಯುವುದನ್ನು ಕಲಿತರೋ ಬಾಟಲಿಯಲ್ಲಿ ಖಾರ ಅಷ್ಟೇ ಕಡಿಮೆಯಾಗುತ್ತ ಹೋಯಿತು.

ಆಮೇಲೆ ಸರ್ಕಾರ ಇ-ಸಿಗರೇಟನ್ನು ದೇಶದಲ್ಲೆಲ್ಲ ನಿಷೇಧಿಸಿತು. ಟಿವಿಯಲ್ಲಿ ಸುದ್ದಿ ಬಂದಾಗ ಅತ್ತೆಯ ಮುಖ ಇಳಿದುಹೋಯಿತು. ಇವರು ಮತ್ತೆ ಬೀಡಿಗೆ ಹೋಗುತ್ತಾರೆಂಬ ಭಯ ಅವಳಿಗೆ. ಮಾವ ಎದ್ದು ಹೋಗಿ ಆ ಯಂತ್ರವನ್ನು ತಂದು ಅವಳ ಮಡಿಲಿಗೆ ಹಾಕಿದರು.

“ತಗೋ, ನಂಗೆ ಬೇಡ. ಖಾರ ಹೋಗಿ ಎಷ್ಟು ದಿನ ಆಯ್ತು.”

ಅತ್ತೆ ಪೆಚ್ಚಾದಳು. “ನಿಮಗೆ... ಗೊತ್ತಿತ್ತಾ?”

“ಬಾಟಲಿ ಮೇಲೆ ಖಾರ ಎಷ್ಟು ಅಂತ ಬರೆದಿರೋ ಅಂಕೆ ಓದಕ್ಕೂ ಬರಲ್ವೇನೇ ನಂಗೆ?”

“ಮತ್ತೆ ಯಾಕೆ ಸುಮ್ಮನಿದ್ರಿ?”

ಮಾವ ಅಂಗಳದ ಕಡೆ ನೋಡುತ್ತ, “ನೀನು ದಿನಾ ಪಕ್ಕದಲ್ಲಿ ಕೂತು ಹೇಳ್ಕೊಡ್ತಿದ್ದೆಯಲ್ಲ. ನಾನು ಬೀಡಿ ಸೇದೋವಾಗ ಯಾವತ್ತಾದ್ರೂ ಪಕ್ಕಕ್ಕೆ ಬಂದಿದ್ಯಾ?” ಎಂದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, ಮಾವನಿಗೆ ಕೇಳಿಸದಂತೆ, “ಕಳ್ಳ ಕಣೆ ನಿಮ್ಮ ಮಾವ” ಎಂದಳು ನನ್ನ ಕಡೆ ತಿರುಗಿ.

ಮನೆ ಹೊಗೆಯಿಂದ ಬಿಡುಗಡೆಯಾದ ಮೇಲೆ ಅತ್ತೆಗೆ ಆಸ್ಪತ್ರೆಯ ದಾರಿ ಮರೆತುಹೋಯಿತು. ಪಂಪು ಬಿಡಲಿಲ್ಲ, ಆದರೆ ಆ ಜೀಪಿನ ದಿನದಂಥದ್ದು ಮತ್ತೆ ಬರಲಿಲ್ಲ. ನನಗೆ ಕುಂದೂರಿಗೆ ವರ್ಗವಾಯಿತು. ಕೆಲವು ವರ್ಷಗಳ ನಂತರ ಒಂದು ಬೆಳಿಗ್ಗೆ ಕಾಫಿ ಕುಯ್ಲಿಗೆ ಹೊರಟ ಅತ್ತೆ ಮೆಟ್ಟಿಲ ಮೇಲೆ ಕೂತಳು, ಅಷ್ಟೆ. ಹೃದಯ ನಿಂತಿತ್ತು. ನಾನು ಹೋದಾಗ ಮಾವ ಮತ್ತೆ ಮತ್ತೆ ಒಂದೇ ಮಾತು ಹೇಳುತ್ತಿದ್ದರು: “ಉಸಿರಿಗೆ ಒದ್ದಾಡಲಿಲ್ಲ ಕಣವ್ವ. ಅದೊಂದು ಆಗಲಿಲ್ಲ.”

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಅದಕ್ಕೆ ಸ್ವಲ್ಪ ಮೊದಲು, ಬಿಸಿಲೆ ಘಾಟಿಯಲ್ಲಿ. ಮದುವೆಯಾಗಿ ಇಷ್ಟು ವರ್ಷವಾದರೂ ಅಷ್ಟು ಹತ್ತಿರದ ಬಿಸಿಲೆಯನ್ನು ನೋಡಿಲ್ಲವೆಂದು ಹಟ ಹಿಡಿದು ನಮ್ಮಿಬ್ಬರನ್ನೂ ಹೊರಡಿಸಿದ್ದಳು. ಜೀಪು ನಿಲ್ಲಿಸಿ ಕಾಲುದಾರಿಯಲ್ಲಿ ಹೊರಟೆವು. ಅವಳು ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು, ಮಾವ ಅವಳ ಹಿಂದೆಯೇ ನಿಲ್ಲುತ್ತಿದ್ದರು. “ನೀವು ಮುಂದೆ ಹೋಗಿ” ಎಂದರೆ, “ನಂಗೇನು ಅವಸರ ಇಲ್ಲ ಬುಡು” ಎನ್ನುತ್ತಿದ್ದರು. ಕೊನೆಗೆ ಕಾಡು ತೆರೆದು ಕಣಿವೆ ಕಂಡಿತು. ಅದರಾಚೆ ಗುಡ್ಡದ ಹಿಂದೆ ಗುಡ್ಡ. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಲ್ಲಕ್ಕಿಂತ ದೂರದಲ್ಲಿದ್ದ ಗುಡ್ಡಕ್ಕೆ ಬೆರಳು ತೋರಿಸಿದಳು.

“ಅಲ್ಲಿಗೂ ದಾರಿ ಐತಾ?”

“ಐತೆ. ಆದ್ರೆ ಬಲು ದೂರ” ಎಂದರು ಮಾವ.

“ದೂರ ಇದ್ರೆ ಇರ್ಲಿ. ಬೇಸಿಗೆಗೆ ಹೋಗನ” ಎಂದಳು.