ಮಾವನಿಗೆ ಕೂಗಿದ ಒನ್ಸ್ ಮೋರ್

ಎನ್‌ಕೋರ್ ಎಂಬ ಪದದ ಅರ್ಥವನ್ನು ನಾನು ಕಲಿತದ್ದು ಸಿಟ್ಟಿನಿಂದ. ಎಪ್ಪತ್ತೆಂಟನೇ ಇಸವಿ, ನವೆಂಬರ್‌ನ ಒಂದು ಭಾನುವಾರ. ಆಗ ನಾನು ತುಮಕೂರಿನಲ್ಲಿ ಪಿಯುಸಿ ಓದುತ್ತ ಗುಬ್ಬಿಯ ಸೋದರಮಾವನ ಮನೆಯಲ್ಲಿದ್ದೆ. ದಿನವೂ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಮಾವ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಮೇಷ್ಟ್ರುಗಳೇ ಸೇರಿ ಆಡುತ್ತಿದ್ದ ಪೌರಾಣಿಕ ನಾಟಕಕ್ಕೆ ಅವರೇ ಮುಂದಾಳು.

ಆ ವರ್ಷ ಅವರ ನಾಟಕದ ದೊರೆ ಪಾತ್ರಧಾರಿಗೆ ವರ್ಗವಾಗಿತ್ತು. ನಮ್ಮ ಅಪ್ಪ ಕುಣಿಗಲ್ ಕಡೆಯವರು, ಹುತ್ರಿದುರ್ಗದ ಬುಡದಲ್ಲಿ ರಾಗಿ ಹೊಲ, ಒಂದಿಷ್ಟು ತೆಂಗು. ಊರ ನಾಟಕದಲ್ಲಿ ದೊರೆ ಪಾತ್ರವೆಂದರೆ ಅಪ್ಪನದೇ. ಮಾವ ಅವರನ್ನು ಕರೆಸಿ, ಒಂದು ತಿಂಗಳು ಭಾನುವಾರ ಭಾನುವಾರ ಪದ್ಯಗಳನ್ನೆಲ್ಲ ಹೇಳಿಸಿಕೊಂಡರು. ಪಾತ್ರ ತನಗೇ ಎಂದು ಅಪ್ಪ ನಂಬಿದ್ದರು. ಊರಲ್ಲಿ ನಾಲ್ಕು ಜನಕ್ಕೆ ಹೇಳಿಯೂ ಇದ್ದರು.

ಆ ಭಾನುವಾರ ಮೇಷ್ಟ್ರುಗಳೆಲ್ಲ ಜಗುಲಿಯಲ್ಲಿ ಕೂತಿದ್ದರು. ಪಾತ್ರ ಯಾರಿಗೆ ಎಂಬ ಮಾತು ಬಂದಾಗ ಮಾವ ಅಪ್ಪನ ಕಡೆ ತಿರುಗಿದರು.

"ಭಾವ, ಎನ್‌ಕೋರ್ ಅಂದ್ರೇನು ಹೇಳಿ ನೋಡಾನ."

ಅಪ್ಪ ಟವೆಲಿನಲ್ಲಿ ಮುಖ ಒರೆಸಿಕೊಂಡು, "ನಂಗೊತ್ತಿಲ್ಲ ಮೇಷ್ಟ್ರೇ" ಅಂದರು.

"ಸ್ಟೇಜಿನ ಮಾತು ಭಾವ. ನಮ್ದು ಓದಿದೋರು ನೋಡೋ ನಾಟಕ. ನಿಮ್ಮೂರಲ್ಲಿ ಒನ್ಸ್ ಮೋರ್ ಅಂತ ಅರಚ್ತಾರಲ್ಲ, ಆ ಥರ ಅಲ್ಲ. ಇಷ್ಟೂ ಗೊತ್ತಿಲ್ದೋರ್ನ ತಂದು ನಿಲ್ಸಿದ್ರೆ ನಮ್ ಮರ್ಯಾದೆ ಏನಾಗ್ಬೇಕು?"

ಮೇಷ್ಟ್ರುಗಳು ನಕ್ಕರು. ಪಾತ್ರ ಮಾವನಿಗೇ ಆಯಿತು. ಅಪ್ಪ ನಾನು ತಂದ ಕಾಫಿ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಬೀದಿ ತಿರುಗುವವರೆಗೂ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಇದಕ್ಕೆ ಮಾವನಿಗೆ ಕೊಡಬೇಕಾದ್ದನ್ನು ಕೊಡದೆ ಆ ಮನೆ ಬಿಡುವುದಿಲ್ಲವೆಂದು ಅವತ್ತೇ ನಿಶ್ಚಯಿಸಿದೆ.

ಮರುದಿನ ಕಾಲೇಜಿನ ಲೈಬ್ರರಿಯಲ್ಲಿ ಡಿಕ್ಷನರಿ ತೆಗೆದೆ. ಎನ್‌ಕೋರ್ ಎಂದರೆ ಮತ್ತೊಮ್ಮೆ. ನೋಡುವವರು ಮೆಚ್ಚಿ, ಇನ್ನೊಂದು ಸಲ ಹಾಡೆಂದು ಕೇಳುವುದು. ಒನ್ಸ್ ಮೋರ್ ಅನ್ನುವುದಕ್ಕಿಂತ ಒಂದಕ್ಷರವೂ ಹೆಚ್ಚಿಲ್ಲ. ಸಾಲದ್ದಕ್ಕೆ ಅದು ಇಂಗ್ಲಿಷಿನವರ ಸ್ವಂತದ ಮಾತೂ ಅಲ್ಲ, ಫ್ರೆಂಚರಿಂದ ತೆಗೆದುಕೊಂಡದ್ದು. ಅದೇ ಬೀರುವಿನಲ್ಲಿ ಯುರೋಪಿಗೆ ಹೋಗುವವರಿಗೆಂದು ಮಾಡಿದ ಐದು ಭಾಷೆಗಳ ಪುಸ್ತಕವೊಂದಿತ್ತು. ಯಾರೂ ಮುಟ್ಟಿರಲಿಲ್ಲ, ಹಾಳೆಗಳು ಅಂಟಿಕೊಂಡಿದ್ದವು. ಸ್ಪೇನಿನ ಭಾಷೆಯಲ್ಲಿ ಅದಕ್ಕೆ 'ಬಿಸ್' ಎನ್ನುತ್ತಾರೆ, ಆದರೆ ಜನ ಕೂಗುವುದು 'ಓತ್ರಾ' ಎಂದು. ಓತ್ರಾ ಎಂದರೆ 'ಇನ್ನೊಂದು', ಅಷ್ಟೇ. ಅಲ್ಲಿಯ ಜನರೂ ನಮ್ಮೂರಿನವರ ಹಾಗೆ ಬೆಂಚಿನ ಮೇಲೆ ನಿಂತು ಇನ್ನೊಂದು, ಇನ್ನೊಂದು ಎಂದು ಅರಚುತ್ತಾರೆ. ಅದನ್ನು ಡೈರಿಯಲ್ಲಿ ಬರೆದುಕೊಂಡೆ. ಮಾವನಿಗೆ ಹೇಳಲಿಲ್ಲ. ಅವರ ಮನೆಯ ಅನ್ನ ತಿನ್ನುತ್ತಿದ್ದೆ. ಹೇಳಿದ್ದರೆ ಎರಡು ಮಾತಿನಲ್ಲಿ ನಕ್ಕು ಮುಗಿಸಿಬಿಡುತ್ತಿದ್ದರು. ನನಗೆ ಅಷ್ಟರಲ್ಲಿ ಮುಗಿಯುವುದು ಬೇಕಿರಲಿಲ್ಲ.

ಎಂಟನೇ ಕ್ಲಾಸಿನಿಂದ ನನಗೊಂದು ಅಭ್ಯಾಸವಿತ್ತು. ಅಪ್ಪ ಆಡಿದ ನಾಟಕಗಳಲ್ಲಿ ಯಾವ ಪದ್ಯವನ್ನು ಎಷ್ಟು ಒನ್ಸ್ ಮೋರ್‌ಗೆ ಮತ್ತೆ ಹಾಡಿದರೆಂದು ಗೀಟು ಎಳೆದಿಡುತ್ತಿದ್ದೆ. ನಮ್ಮ ಕಡೆ ಜನ ಕೂಗಿದರೆ ಹಾಡಲೇಬೇಕು, ಇಲ್ಲದಿದ್ದರೆ ಕೂತವರಿಗೆ ಅವಮಾನ. ಆದರೂ ಯಾವ ಪದ್ಯಕ್ಕೂ ಎರಡು ಗೀಟು ದಾಟಿರಲಿಲ್ಲ. ಮೂರನೆಯ ಕೂಗಿಗೆ ಅಪ್ಪ ಬಗ್ಗಿ ಕೈಮುಗಿದುಬಿಡುತ್ತಿದ್ದರು, ಹಾರ್ಮೋನಿಯಂನವರು ಮುಂದಿನ ಮಟ್ಟು ಹಿಡಿಯುತ್ತಿದ್ದರು. ಕೊನೆಯ ಅಂಕಕ್ಕೆ ಗಂಟಲು ಉಳಿಯುತ್ತಿದ್ದದ್ದು ಹಾಗೆ. ಮಾವ ಅಪ್ಪನಿಂದ ಪದ್ಯ ಕಲಿತಿದ್ದರು, ಕೈಮುಗಿಯುವುದನ್ನು ಕಲಿತಿರಲಿಲ್ಲ.

ಜನವರಿಯ ಭಾನುವಾರ ಸಂಜೆ ನಾಲ್ಕಕ್ಕೆ ಗುಬ್ಬಿಯಲ್ಲಿ ನಾಟಕ. ಅದಾದ ಹದಿನೈದು ದಿನಕ್ಕೆ ತುಮಕೂರಿನಲ್ಲಿ ನಾಟಕ ಸ್ಪರ್ಧೆ. ಕ್ಲಾಸಿನ ಆರು ಹುಡುಗಿಯರನ್ನು ರೈಲಿನಲ್ಲಿ ಕರೆತಂದು ಹೆಂಗಸರ ಕಡೆ ನನ್ನ ಪಕ್ಕ ಕೂರಿಸಿಕೊಂಡೆ. ನಮ್ಮ ಮಾವನಿಗೆ ಒನ್ಸ್ ಮೋರ್ ಅಂದರೆ ಪ್ರಾಣ, ಸಂಕೋಚ ಮಾಡಬೇಡಿ ಎಂದಿದ್ದೆ.

ಮೊದಲ ಪದ್ಯ ಮುಗಿದ ಕೂಡಲೇ ನಾನೇ ಕೂಗಿದೆ. ಹುಡುಗಿಯರು ದನಿಗೂಡಿಸಿದರು. ಮಾವ ಒಂದು ಕ್ಷಣ ತಡೆದರು. ಆಮೇಲೆ ಮೀಸೆಯಲ್ಲೇ ನಕ್ಕು, ಹಾರ್ಮೋನಿಯಂನವರಿಗೆ ಸನ್ನೆ ಮಾಡಿ ಮತ್ತೆ ಹಾಡಿದರು. ಇನ್ನೊಮ್ಮೆ ಕೂಗಿದೆವು, ಹಾಡಿದರು. ಮೂರನೆಯದಕ್ಕೂ ಹಾಡಿದರು, ಇನ್ನೂ ಎತ್ತರದ ಶ್ರುತಿಯಲ್ಲಿ. ಅಲ್ಲಿಂದ ಮುಂದೆ ನಾನು ಬಾಯಿ ಬಿಡಬೇಕಾಗಲಿಲ್ಲ. ಹಿಂದೆ ನಿಂತಿದ್ದ ಅವರ ಸ್ಕೂಲಿನ ಹುಡುಗರು, ಒಬ್ಬೊಬ್ಬರೂ ಅವರ ಕೈಯಲ್ಲಿ ಬೆತ್ತದೇಟು ತಿಂದವರು, ಆ ಕೆಲಸ ವಹಿಸಿಕೊಂಡರು. "ದೊರೆಗಳೇ, ಇನ್ನೊಂದ್ ಕಿತ ಬರ್ಲಿ" ಎಂದು ಒಬ್ಬ ಕೂಗಿದ. ಮಾವ ಅದಕ್ಕೂ ಹಾಡಿದರು.

ದೊರೆ ಯುದ್ಧಕ್ಕೆ ಹೊರಡುವ ಕೊನೆಯ ಪದ್ಯದ ಎರಡನೇ ಸಾಲಿಗೆ ದನಿ ನಿಂತಿತು. ಬಾಯಿ ಆಡುತ್ತಿತ್ತು, ಬರೀ ಗಾಳಿ. ಪದ್ಯವನ್ನು ಹಾರ್ಮೋನಿಯಂ ಮಾತ್ರ ಕೊನೆ ಮುಟ್ಟಿಸಿತು. ಜನ ನಕ್ಕರು. ನಾನು ನಗಲಿಲ್ಲ, ಮಾವನ ಮುಖವನ್ನು ಪೂರ್ತಿ ನೋಡಬೇಕಿತ್ತು.

ಹದಿನೈದು ದಿನ ಮಾತೇ ಆಡಬಾರದೆಂದು ಡಾಕ್ಟರು ಹೇಳಿದರು. ಅತ್ತೆ ಕೊಟ್ಟ ಉಪ್ಪುನೀರನ್ನು ನಾನೇ ಒಯ್ದು ಅವರ ಮುಂದಿಟ್ಟೆ.

"ಮಾವ, ಎನ್‌ಕೋರ್‌ಗೆ ಸ್ಪೇನ್‌ನೋರು ಓತ್ರಾ ಅಂತಾರಂತೆ. ಇನ್ನೊಂದು ಅಂತ ಅರ್ಥ."

ಅವರು ಲೋಟಕ್ಕೆ ಚಾಚಿದ ಕೈಯನ್ನು ಹಿಂದೆಗೆದು ನನ್ನ ಕಡೆ ತಿರುಗಿದರು. ಮೊದಲು ಕೂಗಿದವರು ಯಾರೆಂದು ಅವರಿಗೆ ಗೊತ್ತಾಯಿತು. ಗೊತ್ತಾಗಲೆಂದೇ ಹೇಳಿದ್ದೆ.

ಸ್ಪರ್ಧೆ ಬಿಡಲು ಉಳಿದ ಮೇಷ್ಟ್ರುಗಳು ಒಪ್ಪಲಿಲ್ಲ. ಮಾವನನ್ನು ಬಿಟ್ಟರೆ ಆ ಪದ್ಯಗಳೆಲ್ಲ ಬರುತ್ತಿದ್ದದ್ದು ಅಪ್ಪನಿಗೆ ಮಾತ್ರ. ಮಾವನನ್ನೇ ನಮ್ಮೂರಿಗೆ ಕಳಿಸಿದರು, ಮಾತಾಡಲು ಜೊತೆಗೊಬ್ಬ ಮೇಷ್ಟ್ರು. ನಾನೂ ಹೊರಟೆ. ಅಪ್ಪ ಒಲ್ಲೆ ಎನ್ನುವುದನ್ನು, ಮಾವ ಬಂದ ಬಸ್ಸಿಗೇ ವಾಪಸಾಗುವುದನ್ನು ಕಣ್ಣಾರೆ ನೋಡಬೇಕಿತ್ತು. ದಾರಿಯುದ್ದಕ್ಕೂ ಅಪ್ಪ ಆಡಬಹುದಾದ ಮಾತುಗಳನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ.

ಅಪ್ಪ ಕಣದಲ್ಲಿದ್ದರು. ಎಲ್ಲ ಕೇಳಿಸಿಕೊಂಡು, "ಅದಕ್ಕೇನಂತೆ, ಬರ್ತೀನಿ" ಅಂದರು. ಹಿತ್ತಿಲಿಗೆ ಎಳೆದುಕೊಂಡು ಹೋಗಿ ಜಗಳವಾಡಿದೆ.

"ಗಂಟ್ಲು ಕಳ್ಕೊಂಡು ಮನೆ ಬಾಗ್ಲಿಗೆ ಬಂದವ್ನೆ ಕಣವ್ವ. ಇನ್ನೇನ್ ಬೇಕು? ಬುಡು."

ತುಮಕೂರಿನಲ್ಲಿ ಅಪ್ಪನಿಗೆ ಪ್ರತಿ ಪದ್ಯಕ್ಕೂ ಒನ್ಸ್ ಮೋರ್ ಬಿತ್ತು. ಕೂಗಿದವರಲ್ಲಿ ಓದಿದವರೇ ಹೆಚ್ಚು. ಪರದೆಯ ಪಕ್ಕದಲ್ಲಿ ಮಾವ ನಿಂತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು, ಕಣ್ಣು ಒದ್ದೆಯಾಗಿತ್ತು. ಒನ್ಸ್ ಮೋರ್‌ಗಳನ್ನೆಲ್ಲ ಡೈರಿಯಲ್ಲಿ ಗೀಟು ಎಳೆದು ಬರೆದೆ. ಮಾವನ ಚಪ್ಪಾಳೆಯನ್ನು ಮಾತ್ರ ಬೇಕೆಂದೇ ಬಿಟ್ಟೆ.