ಅತ್ತೆಯ ಕಾರ್ಡು

ಅರವತ್ತರ ದಶಕದಲ್ಲಿ ನಾನು ಯಳಂದೂರಿನ ಡಾಕ್ಟರೊಬ್ಬರ ಬಳಿ ಕಾಂಪೌಂಡರ್ ಆಗಿದ್ದೆ. ನಮ್ಮ ಡಾಕ್ಟರು ಒಂದಕ್ಷರವನ್ನೂ ಬರೆದಿಡುತ್ತಿರಲಿಲ್ಲ. ಯಾರಿಗೆ ಯಾವ ಔಷಧ ಕೊಟ್ಟಿರಿ ಎಂದು ಕೇಳಿದರೆ ತಲೆ ತಟ್ಟಿ ತೋರಿಸಿ, ಎಲ್ಲಾ ಇಲ್ಲಿದೆ ಅನ್ನುತ್ತಿದ್ದರು. ಏನಿತ್ತು, ಮಣ್ಣು! ಗುಣ ಕೊಡದ ಕೆಮ್ಮಿನ ಔಷಧವನ್ನು ಒಬ್ಬನಿಗೇ ಮೂರು ಸಲ ಕೊಟ್ಟದ್ದನ್ನು ನಾನೇ ಕಂಡಿದ್ದೆ.

ವರ್ಷಗಟ್ಟಲೆ ಗೋಗರೆದು, ಕೂಗಾಡಿ, ಅವರನ್ನು ಒಪ್ಪಿಸಿದೆ. ಒಬ್ಬೊಬ್ಬರಿಗೂ ಒಂದು ರಟ್ಟಿನ ಕಾರ್ಡು. ಹೆಸರು, ವಯಸ್ಸು, ಕಾಯಿಲೆ, ಕೊಟ್ಟ ಔಷಧ. ಒಗ್ಗದ ಔಷಧವಿದ್ದರೆ ಅದು ಕೆಂಪು ಶಾಯಿಯಲ್ಲಿ. ಮನೆಯಲ್ಲಿ ಜೋಪಾನವಾಗಿಟ್ಟು, ಮತ್ತೆ ಬರುವಾಗ ತರಬೇಕು. ಇದರಲ್ಲಿ ಅರ್ಥವಾಗದ್ದೇನಿದೆ?

ನಮ್ಮ ಜನ ಜೋಪಾನ ಮಾಡಿದ್ದು ದೇವರ ಪಟದ ಹಿಂದೆ. ಯಾವ ಕಾರ್ಡಿನಲ್ಲಿ ಬೇಗ ವಾಸಿಯಾಯಿತೋ ಅದು ಒಳ್ಳೇ ಕೈಗುಣದ ಕಾರ್ಡು. ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಮುಂದೆ ಮನೆಮಂದಿಯೆಲ್ಲ ಅದನ್ನೇ ಹಿಡಿದು ಬರುವುದು. ಮಾವನ ಕಾರ್ಡು ತಂದ ಬಸುರಿಯನ್ನೂ ಕಂಡೆ. ಬೈದೆ, ಕೈಮುಗಿದೆ, ತಲೆ ಚಚ್ಚಿಕೊಂಡೆ.

ಒಂದು ಸಂತೆಯ ದಿನ ಮಾಂಬಳ್ಳಿಯ ಹೆಣ್ಣುಮಗಳೊಬ್ಬಳು ಕಾಲಿನ ಗಾಯ ಕೀವಾಗಿ ಬಂದಳು. ಜನ ಬಾಗಿಲವರೆಗೂ ತುಂಬಿದ್ದರು. ಕಾರ್ಡಿನಲ್ಲಿ ಏನಿದೆ ಎಂದು ಡಾಕ್ಟರು ಕೇಳಿದರು. ಮಗುಚಿ ನೋಡಿದೆ, ಕೆಂಪು ಶಾಯಿ ಇರಲಿಲ್ಲ. ಪೆನಿಸಿಲಿನ್ ಕೊಡಬಹುದು ಸಾರ್ ಎಂದೆ. ಅವರು ಸಿರಿಂಜಿಗೆ ಔಷಧ ಎಳೆದುಕೊಂಡರು. ಅವಳು ಹಿಂದಕ್ಕೆ ಸರಿದಳು.

"ಓದ್ ಸಲ ಈ ಸೂಜಿ ಆಕುಸ್ಕಂಡು ಮೈಯೆಲ್ಲಾ ದದ್ದು ಎದ್ದು ಉಸ್ರು ಕಟ್ಬುಟ್ಟಿತ್ತು ಸಾ. ಬ್ಯಾಡ."

ನನಗೆ ರೇಗಿತು. ಕಾರ್ಡಿನಲ್ಲಿ ಅಂಥದ್ದೇನೂ ಇಲ್ಲ, ಸೂಜಿಯ ಭಯಕ್ಕೆ ಕಥೆ ಕಟ್ಟಬೇಡ, ತೋಳು ಚಾಚು ಎಂದು ಗದರಿದೆ. ಪಾಪ, ಚಾಚಿಯೇಬಿಟ್ಟಳು. ಡಾಕ್ಟರು ಅವಳ ಮುಖವನ್ನೇ ನೋಡಿ, ಸಿರಿಂಜು ಕೆಳಗಿಟ್ಟು, ನನ್ನ ಕೈಯಿಂದ ಕಾರ್ಡು ತೆಗೆದುಕೊಂಡರು.

"ವಯಸ್ಸು ಎಷ್ಟು ಬರೆದಿದ್ದೀಯ ನೋಡಯ್ಯ."

ಅರವತ್ತೆರಡು. ಎದುರಿಗಿದ್ದವಳಿಗೆ ಇಪ್ಪತ್ತೈದೂ ದಾಟಿರಲಿಲ್ಲ. ಅದು ಅವಳ ಅತ್ತೆಯ ಕಾರ್ಡು, ಕೈಗುಣದ್ದು. ಅವಳದನ್ನು, ಉಸಿರು ಕಟ್ಟಿಸಿದ ಕಾರ್ಡೆಂದು, ಮನೆಯವರು ಒಲೆಗೆ ಹಾಕಿದ್ದರಂತೆ.

ಬೈಯಲು ಬಾಯಿ ತೆರೆದವನು ಮತ್ತೆ ಕಾರ್ಡು ನೋಡಿದೆ. ಆ ಅರವತ್ತೆರಡನ್ನು ದುಂಡಗೆ ಬರೆದಿದ್ದವನು ನಾನೇ. ಡಾಕ್ಟರು ಬರೆಯುವುದಿಲ್ಲ, ಜನಕ್ಕೆ ತಿಳಿಯುವುದಿಲ್ಲ ಎಂದು ಅಷ್ಟು ವರ್ಷ ಕೂಗಾಡಿದ್ದೆ. ಅವತ್ತು ಓದದೆ ಹೋದವನೂ ನಾನೇ. ಅವಳು ನನ್ನ ಗದರಿಕೆಗೆ ಹೆದರಿ ಇನ್ನೂ ತೋಳು ಚಾಚಿಕೊಂಡೇ ನಿಂತಿದ್ದಳು.