ನಾನು ಓದದೆ ಬಿಟ್ಟ ನೀರಿನ ಮಾತು

ಕೋವಿಡ್ ಮುಗಿದು ಶಾಲೆಗಳು ಪೂರ್ತಿಯಾಗಿ ತೆರೆದ ಮೊದಲ ವರ್ಷ. ನಾನು ಆಗ ಕುರ್ಲಾದ ಒಂದು ಚರ್ಚಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ, ಜೊತೆಗೆ ಅದೇ ಚರ್ಚಿನ ಸ್ಕೌಟ್ಸ್ ಮತ್ತು ಗೈಡ್ಸ್ ಘಟಕದ ಹಿರಿಯ ಮುಖ್ಯಸ್ಥ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಹದಿನೆಂಟು ವರ್ಷಗಳಿಂದ ಈ ಘಟಕದ ಧರ್ಮಪದಕದ ಕೆಲಸವನ್ನು ನಾನೊಬ್ಬನೇ ನೋಡಿಕೊಂಡು ಬಂದಿದ್ದೆ.

ಧರ್ಮಪದಕ ಎಂದರೆ ಏನೆಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಸ್ಕೌಟ್ ಮಕ್ಕಳಿಗೆ ಗಂಟು ಹಾಕುವುದು, ಟೆಂಟು ಹೊಡೆಯುವುದು, ಪ್ರಥಮ ಚಿಕಿತ್ಸೆ ಇದಕ್ಕೆಲ್ಲ ಬ್ಯಾಡ್ಜು ಇರುವ ಹಾಗೆ, ಕ್ಯಾಥೋಲಿಕ್ ಮಕ್ಕಳಿಗೆ ತಮ್ಮ ನಂಬಿಕೆಯನ್ನು ಅರಿತು ನಡೆದದ್ದಕ್ಕೆ ಒಂದು ಪದಕ ಇದೆ. ಏಳು ಸಂಸ್ಕಾರಗಳ ಮೇಲೆ ಏಳು ಅಧ್ಯಾಯಗಳ ಒಂದು ವರ್ಕ್‌ಬುಕ್. ದೀಕ್ಷಾಸ್ನಾನ, ಪರಮಪ್ರಸಾದ, ಗುರುಗಳ ಮುಂದೆ ತಪ್ಪು ಹೇಳಿಕೊಳ್ಳುವ ಪಾಪನಿವೇದನೆ, ಹೀಗೆ. ಪ್ರತಿ ಅಧ್ಯಾಯದಲ್ಲಿ ಮಗು ತನ್ನ ಬದುಕಿನಿಂದ ಏನಾದರೂ ಬರೆಯಬೇಕು. ಪಕ್ಕದಲ್ಲಿ ಕೂತು ದಾರಿ ತೋರಿಸುವವರಿಗೆ ಕೌನ್ಸೆಲರ್ ಎನ್ನುತ್ತೇವೆ. ಕೊನೆಗೆ ಮೂರು ಜನರ ಪ್ಯಾನೆಲ್ ಮುಂದೆ ಸಂದರ್ಶನ. ಮೂವರೂ ಒಪ್ಪಿದರೆ ಪದಕ, ಒಬ್ಬರು ಬೇಡವೆಂದರೂ ಇಲ್ಲ. ಕೌನ್ಸೆಲರ್ ಆ ಪ್ಯಾನೆಲ್‌ನಲ್ಲಿ ಕೂರುವಂತಿಲ್ಲ. ಹದಿನಾರು ತುಂಬುವುದರೊಳಗೆ ಮುಗಿಸಬೇಕು, ತುಂಬಿದರೆ ಅವಕಾಶ ಹೋದಂತೆಯೇ.

ಹದಿನೆಂಟು ವರ್ಷದಲ್ಲಿ ನನ್ನ ಕೈಯಿಂದ ಹನ್ನೊಂದು ಮಕ್ಕಳು ಪದಕ ಪಡೆದಿದ್ದರು. ಹನ್ನೊಂದೂ ಗೋವಾದವರು, ಮಂಗಳೂರಿನವರು, ಮುಂಬೈಯ ಮೂಲದವರು. ನಮ್ಮ ಕಡೆಯವರದು, ಅಂದರೆ ವಿಜಯಪುರ, ಬೆಳಗಾವಿ ಕಡೆಯಿಂದ ಬಂದು ಸೆಂಟ್ರಿಂಗ್, ಗೌಂಡಿ ಕೆಲಸ ಮಾಡುವ ಕ್ರೈಸ್ತರ ಮಕ್ಕಳದು, ಒಂದೂ ಇರಲಿಲ್ಲ. ಆ ವರ್ಷದವರೆಗೆ ಆ ಬಗ್ಗೆ ನಾನು ಯೋಚಿಸಿರಲಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ. ಯಾಕೆಂದರೆ ನಾನೂ ಅವರವನೇ. ನಮ್ಮಪ್ಪ ರಾಯಪ್ಪ ಗೌಂಡಿ. ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿ, ಆಮೇಲೆ ಇಂಗ್ಲಿಷ್ ಹೈಸ್ಕೂಲು ಮುಗಿಸಿ, ಹಗಲು ಒಂದು ಲೇಥ್ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಂಡು, ಸಂಜೆ ಕಾಲೇಜಿಗೆ ಹೋಗಿ ಬಿ.ಎಸ್ಸಿ. ಮಾಡಿದವನು. ಇಂಗ್ಲಿಷ್ ಪೇಪರಿನಲ್ಲಿ ಎರಡು ಸಲ ಫೇಲಾದೆ. ಮೂರನೇ ಸಲ ಪಾಸಾದ ದಿನ ನಮ್ಮ ಮನೆತನಕ್ಕೆ ಮೊದಲ ಡಿಗ್ರಿ ಬಂತು. ಆ ಇಂಗ್ಲಿಷನ್ನು ನಾನು ಹಲ್ಲು ಕಚ್ಚಿ ಕಲಿತಿದ್ದೆ. ಹಾಗಾಗಿ ನನ್ನ ಬಳಿ ಕಲಿಯುವ ಮಕ್ಕಳೂ ಇಂಗ್ಲಿಷಿನಲ್ಲೇ ಉತ್ತರ ಹೇಳಬೇಕು, ಇಂಗ್ಲಿಷಿನಲ್ಲೇ ಬರೆಯಬೇಕು ಎಂಬುದು ನನ್ನ ನಿಯಮವಾಗಿತ್ತು. ‘ಇವತ್ತು ನಾನು ಬೈದರೆ ನಾಳೆ ಜಗತ್ತು ನಗೋದಿಲ್ಲ’ ಎನ್ನುತ್ತಿದ್ದೆ.

ಆ ವರ್ಷ ಜೂನ್‌ನಲ್ಲಿ ನಮ್ಮ ಶಾಲೆಗೆ ಟೀಚರಾಗಿ, ಘಟಕದ ಗೈಡ್ಸ್ ನೋಡಿಕೊಳ್ಳಲು ಶ್ಯಾರನ್ ಬಂದಳು. ಅಂಧೇರಿಯವಳು, ಇಪ್ಪತ್ತಾರು ವರ್ಷ, ತಾಯಿ ಕಾಲೇಜು ಪ್ರೊಫೆಸರ್, ತಂದೆ ಬ್ಯಾಂಕಿನಲ್ಲಿ ಮ್ಯಾನೇಜರ್. ಇಪ್ಪತ್ಮೂರಕ್ಕೇ ಎಂ.ಎ. ಮುಗಿಸಿದ್ದಳು, ಧರ್ಮಶಾಸ್ತ್ರದ ಡಿಪ್ಲೊಮಾ ಬೇರೆ. ಅವಳು ಇಂಗ್ಲಿಷ್ ಮಾತಾಡಿದರೆ ಉಸಿರಾಡಿದಂತೆ ಇರುತ್ತಿತ್ತು. ನನಗೆ ಅದೇ ಮೊದಲು ಚುಚ್ಚಿದ್ದು. ನಾನು ಇಪ್ಪತ್ತು ವರ್ಷ ಏರಿದ ಮೆಟ್ಟಿಲಿನ ತುದಿಯಲ್ಲಿ ಅವಳು ಹುಟ್ಟಿ ಬೆಳೆದಿದ್ದಳು.

ನಮ್ಮ ಚರ್ಚಿನ ಗುರುಗಳು ವಸಾಯಿಯವರು, ನಗುಮುಖದ ಫಾದರ್. ‘ಇನ್ನಾಸ್, ಇಬ್ಬರು ಕೌನ್ಸೆಲರ್ ಇರಲಿ. ಮಕ್ಕಳೇ ಆರಿಸಿಕೊಳ್ಳಲಿ’ ಎಂದರು. ನಾನು ಆಗಲಿ ಎಂದೆ. ಒಂದೇ ತಿಂಗಳಲ್ಲಿ ನನ್ನ ಬಳಿ ನಾಲ್ಕು ಮಕ್ಕಳು ಉಳಿದರು, ಅವಳ ಬಳಿ ಹದಿನಾರು. ಭಾನುವಾರ ಪೂಜೆ ಮುಗಿದ ಮೇಲೆ ಪಕ್ಕಪಕ್ಕದ ಎರಡು ಕೋಣೆಯಲ್ಲಿ ನಮ್ಮ ತರಗತಿ. ನಡುವೆ ಪ್ಲೈವುಡ್ ಗೋಡೆ. ಆ ಕಡೆಯಿಂದ ನಗು ಕೇಳಿಸುತ್ತಿತ್ತು. ಧರ್ಮದ ಪಾಠದಲ್ಲಿ ಅಷ್ಟು ನಗುವಂಥದ್ದೇನಿದೆ ಎಂದು ನಾನು ನನ್ನ ನಾಲ್ವರಿಗೆ ಕೇಳಿದೆ. ಒಬ್ಬ ಹುಡುಗ, ‘ಸರ್, ಹೋಗಿ ನೋಡಿ ಬರ್ಲಾ?’ ಎಂದ. ಹೋದವನು ತರಗತಿ ಮುಗಿಯುವವರೆಗೆ ಬರಲಿಲ್ಲ.

ಅಂದಿನಿಂದ ನಾನು ಅವಳ ತಪ್ಪು ಹುಡುಕತೊಡಗಿದೆ. ಸ್ಕಾರ್ಫ್ ಮಡಚುವುದು ಸರಿಯಿಲ್ಲ, ಧ್ವಜವಂದನೆಗೆ ಐದು ನಿಮಿಷ ತಡ, ಮಕ್ಕಳನ್ನು ನೆಲದ ಮೇಲೆ ಕೂರಿಸುತ್ತಾಳೆ. ಎಲ್ಲ ನೆನಪಿಟ್ಟುಕೊಂಡು ಫಾದರ್‌ಗೆ ಹೇಳುತ್ತಿದ್ದೆ. ಅವರು ‘ಹೌದಾ?’ ಎಂದು ಚಹಾ ಕುಡಿಯುತ್ತಿದ್ದರು.

ಆಗಸ್ಟ್‌ನಲ್ಲಿ ನನ್ನ ನಾಲ್ವರಲ್ಲಿ ಒಬ್ಬಳಾದ ರೋಜಿ ಕೌನ್ಸೆಲರ್ ಬದಲಾವಣೆಯ ಫಾರ್ಮ್ ತಂದು ಮೇಜಿನ ಮೇಲಿಟ್ಟಳು. ಒಂಬತ್ತನೇ ತರಗತಿ, ಹದಿನೈದು ವರ್ಷ. ತಂದೆ ಸೆಂಟ್ರಿಂಗ್ ಕೆಲಸ, ತಾಯಿ ಜಪಮಾಲಾ ಗೋರೆಗಾಂವ್‌ನ ಕಟ್ಟಡಗಳ ಸೈಟಿನಲ್ಲಿ ಕೂಲಿ. ರೋಜಿಯೂ ನನ್ನ ಹಾಗೆ ಮುನಿಸಿಪಾಲಿಟಿಯ ಕನ್ನಡ ಶಾಲೆಯಿಂದ ಎಂಟನೆಗೆ ನಮ್ಮ ಇಂಗ್ಲಿಷ್ ಶಾಲೆಗೆ ಬಂದವಳು. ನಮ್ಮವರಲ್ಲಿ ಮೊದಲ ಪದಕ ಇವಳಿಗೇ ಕೊಡಿಸುತ್ತೇನೆ ಎಂದು ನಾನು ಅಷ್ಟರಲ್ಲಿ ಅಲ್ಲಿ ಇಲ್ಲಿ ಹೇಳಿಕೊಂಡೂ ಆಗಿತ್ತು.

‘ಯಾಕ?’ ಎಂದೆ.

‘ಟೈಮ್ ಹೊಂದಂಗಿಲ್ರಿ ಸರ್,’ ಎಂದಳು, ನೆಲ ನೋಡಿಕೊಂಡು.

ಎರಡೂ ತರಗತಿಗಳ ಸಮಯ ಒಂದೇ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಸಹಿ ಹಾಕಿದೆ. ಅವತ್ತು ಮನೆಗೆ ಹೋದವನು ಹೆಂಡತಿ ಬಡಿಸಿದ ಊಟವನ್ನು ಹಾಗೇ ಬಿಟ್ಟೆ. ‘ಏನಾತು?’ ಎಂದಳು. ‘ನಮ್ಮ ಹುಡುಗಿ ಅಂಧೇರಿಯಾಕಿ ಕಡೆ ಹೋದ್ಲು’ ಎಂದೆ. ‘ಹೋಗ್ಲಿ ಬಿಡ್ರಿ, ದೇವರು ಎರಡೂ ಕೋಣ್ಯಾಗ ಒಬ್ನ ಅಲ್ಲೇನು?’ ಎಂದಳು. ನನಗೆ ಅದು ಸಮಾಧಾನವಾಗಿ ಕೇಳಿಸಲಿಲ್ಲ.

ಸಂದರ್ಶನ ಜನವರಿಯ ಕೊನೆಯ ಭಾನುವಾರ. ಫೆಬ್ರವರಿಯಲ್ಲಿ ರೋಜಿಗೆ ಹದಿನಾರು ತುಂಬುವುದಿತ್ತು. ಈ ಸಲ ಬಿಟ್ಟರೆ ಅವಳಿಗೆ ಪದಕವಿಲ್ಲ. ನಾನು ಅವಳ ಕೌನ್ಸೆಲರ್ ಆಗಿ ಉಳಿದಿರಲಿಲ್ಲವಾದ್ದರಿಂದ ಫಾದರ್ ತಮ್ಮ ಜೊತೆ ನನ್ನನ್ನು ಪ್ಯಾನೆಲ್‌ಗೆ ಹಾಕಿದರು. ಮೂರನೆಯವರು ಡಿಕ್ರೂಸ್ ಅಂಕಲ್, ರೈಲ್ವೆಯಿಂದ ನಿವೃತ್ತರು, ಗೋವಾದವರು. ಶ್ಯಾರನ್ ಮತ್ತು ಜಪಮಾಲಾ ನಿಯಮದ ಪ್ರಕಾರ ಹೊರಗೆ ಬೆಂಚಿನ ಮೇಲೆ ಕೂತಿದ್ದರು.

ಫಾದರ್ ವರ್ಕ್‌ಬುಕ್ ತೆರೆದು ಹುಬ್ಬೇರಿಸಿದರು. ನನ್ನ ಕಡೆ ತಿರುಗಿಸಿ, ‘ಇದು ನಿಮ್ಮ ಭಾಷೆ ಅಲ್ಲವಾ?’ ಎಂದರು. ಏಳೂ ಅಧ್ಯಾಯ ಕನ್ನಡದಲ್ಲಿ ಬರೆದಿತ್ತು. ಪ್ರತಿ ಪುಟದ ಕೆಳಗೆ ಶ್ಯಾರನ್‌ಳ ಇಂಗ್ಲಿಷ್ ಅಕ್ಷರ: ತಾಯಿಯ ಮುಂದೆ ಓದಿದಳು, ತಾಯಿ ನನಗೆ ಹಿಂದಿಯಲ್ಲಿ ತಿಳಿಸಿದರು, ಒಪ್ಪಿದ್ದೇನೆ.

‘ಇದು ನಡೆಯಲ್ಲ ಫಾದರ್,’ ಎಂದೆ. ‘ಇಂಗ್ಲಿಷ್‌ನಲ್ಲಿರಬೇಕು.’

ಡಿಕ್ರೂಸ್ ಅಂಕಲ್ ಪದಕದ ನಿಯಮಗಳ ಕೈಪಿಡಿ ಎತ್ತಿಕೊಂಡು ಕನ್ನಡಕ ಹಾಕಿ ಪುಟ ತಿರುವಿದರು. ರೈಲ್ವೆಯವರು, ನಿಯಮ ಹುಡುಕುವುದರಲ್ಲಿ ಗಟ್ಟಿಗರು. ‘ಭಾಷೆ ವಿಚಾರ ಇದರಲ್ಲಿ ಎಲ್ಲೂ ಇಲ್ಲ, ಮಾಸ್ತರ್. ನೀವೇ ಮಾಡಿದ ನಿಯಮ ಇರಬೇಕು,’ ಎಂದರು.

‘ಹಾಗಾದರೆ ಸುಲಭ. ಇನ್ನಾಸ್ ಓದಿ ಹೇಳಲಿ, ನಾವು ಕೇಳುತ್ತೇವೆ,’ ಎಂದರು ಫಾದರ್.

ಹೀಗೆ ಆ ಹುಡುಗಿಯ ಪುಸ್ತಕ ನನ್ನ ಕೈಗೆ ಬಂತು. ಆ ಕೋಣೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ.

ಸುಳ್ಳು ಹೇಳಲಿಲ್ಲ. ಆದರೆ ಒಂದು ಪುಟ ಬರೆದದ್ದನ್ನು ಇಂಗ್ಲಿಷಿನಲ್ಲಿ ಒಂದು ಸಾಲು ಮಾಡಿ ಹೇಳಿದೆ. ದೀಕ್ಷಾಸ್ನಾನದ ಬಗ್ಗೆ ಅವಳು ಎರಡು ಪುಟ ಬರೆದಿದ್ದಳು. ನಾನು, ‘ದೀಕ್ಷಾಸ್ನಾನದಿಂದ ನಾವು ಧರ್ಮಸಭೆಯ ಸದಸ್ಯರಾಗುತ್ತೇವೆ ಎಂದು ಬರೆದಿದ್ದಾಳೆ’ ಎಂದೆ. ಎರಡನೆಯದು, ಮೂರನೆಯದು ಹೀಗೇ. ಓದುತ್ತಿದ್ದಂತೆ ಬರವಣಿಗೆ ಚೆನ್ನಾಗಿದೆ ಎಂದು ನನಗೆ ತಿಳಿಯುತ್ತಿತ್ತು. ಚೆನ್ನಾಗಿದ್ದಷ್ಟೂ ಹೊಟ್ಟೆಯಲ್ಲಿ ಉರಿಯುತ್ತಿತ್ತು. ಇದು ನನ್ನ ಕೋಣೆಯಲ್ಲಿ ಬರೆಯಬೇಕಾಗಿದ್ದದ್ದು.

ಡಿಕ್ರೂಸ್ ಅಂಕಲ್ ಆಕಳಿಸಿದರು. ‘ಇಷ್ಟೇನಾ ಬೇಟಾ? ಇದು ಪುಸ್ತಕದಲ್ಲೇ ಅಚ್ಚಾಗಿದೆಯಲ್ಲ.’ ಫಾದರ್‌ರ ಪೆನ್ನು ಫಾರ್ಮಿನ ಕೆಳಗಿನ ಸಾಲಿನ ಹತ್ತಿರ ಹೋಗಿ ನಿಂತಿತು. ‘ಇನ್ನೂ ಸಿದ್ಧವಿಲ್ಲ’ ಎಂಬ ಸಾಲು ಅದು. ನಾನು ನಾಲ್ಕನೆಯ ಅಧ್ಯಾಯ ನೋಡಿ, ‘ಪಾಪನಿವೇದನೆಯ ನಂತರ ಪ್ರಾಯಶ್ಚಿತ್ತ ಮಾಡಬೇಕು ಎಂದಿದ್ದಾಳೆ’ ಎಂದು ಪುಟ ಮಗುಚಿದೆ.

‘ಸರ್,’ ಎಂದಳು ರೋಜಿ. ಅಲ್ಲಿಯವರೆಗೆ ತೊಡೆಯ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂತಿದ್ದವಳು. ‘ಸರ್, ಅದು ಅಷ್ಟ ಅಲ್ರಿ. ನೀವು ನೀರಿಂದು ಹೇಳಲೇ ಇಲ್ಲ.’

ಮಾತಾಡಲು ಬಾರದಿದ್ದರೂ ಅವಳಿಗೆ ಇಂಗ್ಲಿಷ್ ಅರ್ಥವಾಗುತ್ತಿತ್ತು. ಮೊದಲ ಮೂರು ಅಧ್ಯಾಯ ನಾನು ಏನು ಮಾಡುತ್ತಿದ್ದೆ ಎನ್ನುವುದನ್ನು ಅವಳು ಕೇಳುತ್ತಲೇ ಕೂತಿದ್ದಳು.

‘ಏನು ಹೇಳುತ್ತಿದ್ದಾಳೆ?’ ಎಂದರು ಫಾದರ್.

ಇದನ್ನೂ ನಾನೇ ಹೇಳಬೇಕಿತ್ತು. ಏನು ಬೇಕಾದರೂ ಹೇಳಬಹುದಿತ್ತು. ಅವಳ ಮುಖ ನೋಡಿದೆ. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಲೆಕ್ಕದ ಮಾಸ್ತರನಿಗೆ ಬೋರ್ಡಿನ ಮೇಲೆ ಒಂದು ಅಂಕಿ ಬಿಟ್ಟುಹೋಗಿದೆ ಎಂದು ತೋರಿಸುವ ಮಗುವಿನ ಮುಖ ಅದು.

‘ನಾನು ಪೂರ್ತಿ ಓದಿಲ್ಲ ಎಂದು ಹೇಳುತ್ತಿದ್ದಾಳೆ, ಫಾದರ್. ಅದು ನಿಜ,’ ಎಂದೆ.

‘ಹಾಗಾದರೆ ಪೂರ್ತಿ ಓದಿ,’ ಎಂದರು ಫಾದರ್. ದನಿ ಎತ್ತಲಿಲ್ಲ. ನಾನು ಮೊದಲು ಕನ್ನಡದಲ್ಲಿ ಓದಿ ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಬರೆದದ್ದು ಇದು:

‘ನಮ್ಮ ಚಾಳಿಗೆ ಬೆಳಿಗ್ಗೆ ಐದೂವರಿಗೆ ನಳ ಬರ್ತದ. ಬಾಜೂ ಮನಿ ಸುಮನ್ ಮೌಶಿ ಜೋಡಿ ಪಾಳಿ ಸಲುವಾಗಿ ಜಗಳ ಆಗಿ ನಾನು ಆಕಿ ಹಂಡೆ ಒದ್ದೆ. ನೀರೆಲ್ಲ ಗಟಾರಕ್ಕ ಹೋತು. ಭಾನುವಾರ ಫಾದರ್ ಮುಂದ ಹೇಳಿದೆ. ಮೂರು ಸಲ ನಮೋ ಮರಿಯಾ ಪ್ರಾರ್ಥನೆ ಹೇಳು ಅಂದ್ರು, ಹೇಳಿದೆ. ಆದ್ರ ನೀರು ಚೆಲ್ಲಿದ್ದು ಫಾದರ್‌ದಲ್ಲ, ಮೌಶಿದು. ಮರುದಿನ ನಾಕೂವರಿಗೆ ಎದ್ದು ಪಾಳಿ ಹಿಡದು ಮೊದಲ ಆಕಿ ಹಂಡೆ ತುಂಬಿದೆ. ನಮ್ಮದು ಅರ್ಧ ತುಂಬೂದ್ರಾಗ ನಳ ಹೋತು. ಅವ್ವ ಬೈದ್ಲು. ಮೌಶಿ ಏನೂ ಅನ್ನಲಿಲ್ಲ, ಸಂಜಿಗೆ ಒಂದು ಕೊಡ ನೀರು ನಮ್ಮ ಬಾಗಿಲಿಗೆ ತಂದಿಟ್ಲು.’

ಡಿಕ್ರೂಸ್ ಅಂಕಲ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಗಟ್ಟಿಯಾಗಿ ನಕ್ಕರು. ‘ಫಾದರ್, ನಿಮ್ಮವರು ಹೇಳಿಸುವ ನಮೋ ಮರಿಯಾದಿಂದ ಯಾರ ಬಕೆಟ್ಟೂ ತುಂಬೋದಿಲ್ಲ ಅಂತಾಳೆ ಹುಡುಗಿ!’ ಫಾದರ್ ನಗುತ್ತ ಪೆನ್ನಿಗೆ ಕ್ಯಾಪ್ ಹಾಕಿದರು. ‘ಇನ್ನಾಸ್, ಮೊದಲ ಪುಟದಿಂದ ಮತ್ತೆ ಓದೋಣ.’

ಬಿಟ್ಟದ್ದನ್ನೆಲ್ಲ ನಾನು ಒಂದೊಂದೇ ಸಾಲು ಓದಿ ಹೇಳಿದೆ. ಅರ್ಧ ಗಂಟೆಯ ಸಂದರ್ಶನ ಎರಡು ಗಂಟೆ ನಡೆಯಿತು. ಕೊನೆಗೆ ಫಾರ್ಮಿನಲ್ಲಿ ಒಂದು ಪ್ರಶ್ನೆ ಉಳಿಯಿತು: ಕೌನ್ಸೆಲರ್ ಬದಲಾಗಿದ್ದರೆ ಯಾಕೆ? ರೋಜಿ ನನ್ನ ಕಡೆ ನೋಡಿದಳು.

‘ಹೇಳವ್ವ,’ ಎಂದೆ. ಅವಳೊಡನೆ ನಾನು ಕನ್ನಡದಲ್ಲಿ ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದು.

‘ಸರ್ ಮುಂದ ಇಂಗ್ಲಿಷ್‌ದಾಗ ಹೇಳಬೇಕಿತ್ರಿ. ನನಗ ಗೊತ್ತಿದ್ದದ್ದೂ ಬಾಯಾಗ ಬರ್ತಿದ್ದಿಲ್ಲ. ಮಿಸ್‌ಗೆ ಕನ್ನಡ ಬರಂಗಿಲ್ಲ, ಅದಕ ಅವ್ವನ್ನ ಕರಕೊಂಡು ಬಾ ಅಂದ್ರು.’

ಅದನ್ನೂ ನಾನು ಪೂರ್ತಿ ಇಂಗ್ಲಿಷಿಗೆ ತಂದೆ. ಮೂವರೂ ಸಹಿ ಹಾಕಿದೆವು.

ಚರ್ಚಿನ ಹಬ್ಬದ ದಿನ ಪದಕ ಪ್ರದಾನ. ಪದಕ ಚುಚ್ಚಲು ಯಾರು ಬೇಕೆಂದು ಮಗುವೇ ಹೇಳುವುದು ನಮ್ಮಲ್ಲಿನ ಪದ್ಧತಿ. ರೋಜಿ ತಾಯಿಯನ್ನೂ ಶ್ಯಾರನ್‌ಳನ್ನೂ ಕರೆದಳು. ಜಪಮಾಲಾಳ ಕೈಗೆ ಪಿನ್ನು ಸಿಗದೆ ಶ್ಯಾರನ್ ಅವಳ ಬೆರಳು ಹಿಡಿದು ಚುಚ್ಚಿಸಿದಳು. ನಾನು ಮೂರನೇ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆದೆ. ಒಳಗೆ ಉರಿ ಆಗಲೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆ ಜಾಗ ನನ್ನದಾಗಬೇಕಿತ್ತು ಎನಿಸಿತು. ಕಳೆದುಕೊಂಡವನು ನಾನೇ ಎಂಬುದೂ ಗೊತ್ತಿತ್ತು.

ಮುಂದಿನ ಶನಿವಾರ ಶ್ಯಾರನ್ ಸ್ಟಾಫ್ ರೂಮಿಗೆ ಬಂದು ಎರಡು ವರ್ಕ್‌ಬುಕ್ ನನ್ನ ಮುಂದಿಟ್ಟಳು. ಎರಡೂ ಕನ್ನಡದವು, ಚಾಳಿನ ಬೇರೆ ಮಕ್ಕಳವು. ಹಿಂದಿಯಲ್ಲಿ, ‘ಸರ್, ಆಪ್ ಪಢ್ ಕೇ ಬತಾಯೇಂಗೇ?’ ಎಂದಳು. ಆಮೇಲೆ ಬಾಗಿಲ ತನಕ ಹೋಗಿ ತಿರುಗಿ ನಿಂತು, ‘ಪೂರಾ, ಹಾಂ ಸರ್’ ಎಂದು ನಕ್ಕಳು. ರೋಜಿ ಅವಳಿಗೆ ಎಲ್ಲ ಹೇಳಿದ್ದಳು. ಅವಳು ಅದನ್ನು ಮಕ್ಕಳ ತಂದೆತಾಯಿಗೂ ಹೇಳಬಹುದಿತ್ತು, ಸ್ಟಾಫ್ ರೂಮಿಗೂ ಹೇಳಬಹುದಿತ್ತು. ಎಲ್ಲೂ ಹೇಳಲಿಲ್ಲ. ಎರಡು ಪುಸ್ತಕ ತಂದುಕೊಟ್ಟಳು, ಅಷ್ಟೇ.

ಓದಿ ಹೇಳಿದೆ, ಪೂರ್ತಿ. ನಿವೃತ್ತನಾಗುವವರೆಗೆ ಅದೇ ನನ್ನ ಕೆಲಸವಾಯಿತು. ಮತ್ತೆ ಕೌನ್ಸೆಲರ್ ಆಗು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಕಡೆಯ ಇನ್ನೂ ಮೂರು ಮಕ್ಕಳು ಪದಕ ಪಡೆದರು, ಮೂವರೂ ಅವಳ ಕೋಣೆಯವರು.

ಮೂವತ್ತು ವರ್ಷ ಮಾಸ್ತರಿಕೆ ಮಾಡಿ ನಾನು ಕಲಿತದ್ದರಲ್ಲಿ ಗಟ್ಟಿಯಾದದ್ದು ಇದೊಂದು. ಕಷ್ಟಪಟ್ಟು ಮೇಲೆ ಬಂದವನಿಗೆ ತಾನು ಪಟ್ಟ ಕಷ್ಟವೇ ಅರ್ಹತೆಯಾಗಿ ಕಾಣುತ್ತದೆ, ಅದನ್ನೇ ಎಲ್ಲರಿಂದ ವಸೂಲು ಮಾಡಲು ಕೂರುತ್ತಾನೆ. ಅದೇ ಕಷ್ಟವನ್ನು ಪಡದವರು ಅವನ ಮಕ್ಕಳಿಗೆ ಒಳ್ಳೆಯದು ಮಾಡಿದರೆ ಅವನಿಗೆ ತಡೆಯಲಾಗುವುದಿಲ್ಲ. ಆಗ ಅವನು ಬೈಯುವುದಿಲ್ಲ, ಸುಳ್ಳೂ ಹೇಳುವುದಿಲ್ಲ, ಕೆಲವು ಸಾಲುಗಳನ್ನು ಬಿಟ್ಟು ಓದುತ್ತಾನೆ. ಪೆಟ್ಟು ಬೀಳುವುದು ಅವನಿಗಾಗದವರಿಗಲ್ಲ, ಎದುರು ಕೂತ ಮಗುವಿಗೆ. ಅವತ್ತು ರೋಜಿ ಬಾಯಿ ತೆರೆಯದಿದ್ದರೆ ನಾನು ಏಳೂ ಅಧ್ಯಾಯಗಳನ್ನು ಹಾಗೇ ಓದಿ ಮುಗಿಸಿ, ಹುಡುಗಿ ಇನ್ನೂ ಸಿದ್ಧವಿಲ್ಲ ಎಂದು ನೊಂದ ಮುಖ ಮಾಡಿ ಸಹಿ ಹಾಕಿ ಮನೆಗೆ ಹೋಗುತ್ತಿದ್ದೆ. ಒಳ್ಳೆಯ ಮಾಸ್ತರ ಎಂಬ ಹೆಸರು ಹಾಗೇ ಉಳಿಯುತ್ತಿತ್ತು.